ಔಷಧಿಗೆ ಗೊತ್ತಿಲ್ಲದ ಹಾವು

ಗಾಜಿನ ಕೊಳವೆಯಲ್ಲಿ 2 ಎಂ.ಎಲ್. ರಕ್ತ. ಅಲುಗಾಡಿಸದೆ 20 ನಿಮಿಷ ನಿಲ್ಲಿಸಬೇಕು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ತಳ ಹಿಡಿದು ಗಟ್ಟಿಯಾಗಿ ಕೂತಿದ್ದರೆ ಸಮಾಧಾನ. ನೀರಿನಂತೆ ಜಾರಿ ಬಂದರೆ ಮಂಡಲದ ಹಾವಿನ ವಿಷ ಒಳಗೆ ಇನ್ನೂ ಕೆಲಸ ಮಾಡುತ್ತಿದೆ ಎಂದು ಅರ್ಥ. ಕೊಳವೆ ಗಾಜಿನದೇ ಆಗಿರಬೇಕು, ಹೊಸದಾಗಿರಬೇಕು, ಒಣಗಿರಬೇಕು. ಸೋಪು ಹಾಕಿ ತೊಳೆದದ್ದಾದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಇಷ್ಟು ಸರಳವಾದ ಪರೀಕ್ಷೆಯ ಮೇಲೆ ಒಂದು ಜೀವದ ಮುಂದಿನ ಆರು ಗಂಟೆ ನಿಂತಿರುತ್ತದೆ.

ಕೊಡಗಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ, ಅದರ ರಕ್ತನಿಧಿಯಲ್ಲಿ ನನಗೆ 19 ವರ್ಷವಾಯಿತು. ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿನಲ್ಲಿ, ಡಿಸೆಂಬರಿನ ಒಂದು ಸಂಜೆ, ತೋಟದ ಕೆಲಸದ ಹುಡುಗನೊಬ್ಬನನ್ನು ಜೀಪಿನಲ್ಲಿ ತಂದರು. ಉದುರಿದ ಹಣ್ಣು ಹೆಕ್ಕಲು ಗಿಡದ ಬುಡಕ್ಕೆ ಕೈ ಹಾಕಿದ್ದ. ಬೆರಳು ಊದಿತ್ತು, ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಡಾಕ್ಟರು 10 ವಯಲ್ ಹಾವಿನ ಔಷಧಿ ಕೊಟ್ಟರು. ಆರು ಗಂಟೆ ಬಿಟ್ಟು ನಾನು ಮತ್ತೆ ಕೊಳವೆ ಓರೆ ಮಾಡಿದೆ. ಜಾರಿತು. ಬಾಗಿಲಲ್ಲಿ ನಿಂತಿದ್ದ ಅವನ ಅಣ್ಣ ಕೇಳಿದ:

“ಅಕ್ಕಾ, ಹತ್ತು ಬಾಟ್ಲಿ ಹೋಯ್ತಲ್ಲ. ಮತ್ಯಾಕೆ ರಕ್ತ ನಿಲ್ತಾ ಇಲ್ಲ?”

ಅಷ್ಟರಲ್ಲಿ ತೋಟದ ಲೆಕ್ಕಪತ್ರ ನೋಡುವ ರೈಟರ್ ಮೊಬೈಲಿನಲ್ಲಿ ತೆಗೆದ ಫೋಟೋ ಬಂದಿತ್ತು. ಗೇಣು ಉದ್ದದ ಕಂದು ಹಾವು, ತ್ರಿಕೋನದ ತಲೆ, ಮೂತಿಯ ತುದಿ ಮೇಲಕ್ಕೆ ಮಡಚಿದಂತಿತ್ತು. ಉಬ್ಬುಮೂತಿಯ ಗುಳಿಮಂಡಲ. ತರಗೆಲೆಯ ಮೇಲೆ ಮಲಗಿದರೆ ಎಲೆ ಯಾವುದು ಹಾವು ಯಾವುದು ತಿಳಿಯದು. “ಔಷಧಿಗೆ ಈ ಹಾವು ಗೊತ್ತಿಲ್ಲ ತಮ್ಮಾ” ಅಂದೆ. ಅವನು ನನ್ನ ಮುಖ ನೋಡಿದ. ಔಷಧಿಗೆ ಹಾವು ಗೊತ್ತಿರುವುದು, ಗೊತ್ತಿಲ್ಲದಿರುವುದು ಅಂದರೇನು? ಆ ರಾತ್ರಿ ವಿವರಿಸುವ ಹೊತ್ತಿರಲಿಲ್ಲ. ಅವನಿಗೆ ಕೊಡಬೇಕಿದ್ದ ಉತ್ತರ ಇಲ್ಲಿದೆ. ಅದು ಉದ್ದದ ಉತ್ತರ, ಏಕೆಂದರೆ ಅರ್ಜೆಂಟೀನಾದಲ್ಲಿ ಹುಟ್ಟಿದ ಒಬ್ಬ ವಿಜ್ಞಾನಿಯ ಇಡೀ ಬದುಕು ಅದರೊಳಗೆ ಬರುತ್ತದೆ.

ಹಾವಿನ ಔಷಧಿ ಅಂದರೆ ಕುದುರೆಯ ಪ್ರತಿಕಾಯ. ವಿಷವನ್ನು ತೀರಾ ಸಣ್ಣ ಪ್ರಮಾಣದಿಂದ ಶುರುಮಾಡಿ ಕುದುರೆಗೆ ಚುಚ್ಚುತ್ತಾರೆ. ಅದರ ಮೈ ಆ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು ತಯಾರಿಸುತ್ತದೆ. ಅದೇ ಪ್ರತಿಕಾಯ. ಕುದುರೆಯ ರಕ್ತದಿಂದ ಅದನ್ನು ಬೇರ್ಪಡಿಸಿ, ಶುದ್ಧಮಾಡಿ, ಬಾಟಲಿಗೆ ತುಂಬುತ್ತಾರೆ. ಒಂದು ಮೈಯಲ್ಲಿ ಹುಟ್ಟಿದ ಪ್ರತಿಕಾಯ ಇನ್ನೊಂದು ಮೈಯನ್ನು ಕಾಯಬಲ್ಲದು ಎಂದು 1890ರಲ್ಲಿ ತೋರಿಸಿದವರು ಬರ್ಲಿನ್‌ನಲ್ಲಿದ್ದ ಎಮಿಲ್ ಫಾನ್ ಬೆಹ್ರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಾಸಾಬುರೊ. ಅವರು ಅದನ್ನು ಕಂಡದ್ದು ಧನುರ್ವಾಯು ಮತ್ತು ಗಂಟಲಮಾರಿಯ ವಿಷಗಳಲ್ಲಿ. ನಮ್ಮ ದೇಶದ ಔಷಧಿಯನ್ನು ನಾಲ್ಕು ಹಾವುಗಳ ವಿಷದ ಮೇಲೆ ಮಾಡುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಉಬ್ಬುಮೂತಿಯದ್ದು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಆ ಕುದುರೆಯ ಮೈ ಈ ವಿಷವನ್ನು ಎಂದೂ ಕಂಡಿಲ್ಲ. ಪ್ರತಿಕಾಯ ಕಟ್ಟಿಹಾಕುವುದು ತನಗೆ ಗುರುತಿದ್ದದ್ದನ್ನು ಮಾತ್ರ.

ಈ ಗುರುತು ಎಷ್ಟು ಕಟ್ಟುನಿಟ್ಟು ಎಂದು ತಿಳಿಯಬೇಕಾದರೆ ನನ್ನ ಮೇಜಿಗೆ ಬನ್ನಿ. ಬಿಳಿ ಟೈಲ್ ಮೇಲೆ ಮೂರು ಹನಿ ರಕ್ತ. ಮೊದಲ ಹನಿಗೆ ನೀಲಿ ಬಣ್ಣದ ಆಂಟಿ-ಎ, ಅಂದರೆ ‘ಎ’ ಗುಂಪಿನ ಗುರುತು ಹಿಡಿಯುವ ಪ್ರತಿಕಾಯದ ದ್ರಾವಣ. ಎರಡನೆಯದಕ್ಕೆ ಹಳದಿ ಬಣ್ಣದ ಆಂಟಿ-ಬಿ, ಮೂರನೆಯದಕ್ಕೆ, ಪಾಸಿಟಿವೋ ನೆಗೆಟಿವೋ ತಿಳಿಯಲು, ಬಣ್ಣವಿಲ್ಲದ ಆಂಟಿ-ಡಿ. ಕಡ್ಡಿಯಿಂದ ಕಲಸಿ ಟೈಲನ್ನು ನಿಧಾನಕ್ಕೆ ಆಡಿಸುತ್ತೇನೆ. ‘ಎ’ ಗುಂಪಿನ ರಕ್ತವಾದರೆ ಮೊದಲ ಹನಿ ಹಾಲು ಒಡೆದಂತೆ ಕಣ್ಣೆದುರೇ ಕಾಳುಕಾಳಾಗುತ್ತದೆ, ಎರಡನೆಯದು ನುಣ್ಣಗೆ ಹಾಗೇ ಇರುತ್ತದೆ. ಎ ಮತ್ತು ಬಿ ಗುಂಪುಗಳ ಕೆಂಪುಕಣದ ಮೇಲಿರುವ ವ್ಯತ್ಯಾಸ ಒಂದು ಸಕ್ಕರೆಯ ಅಣುವಿನಷ್ಟು. ಆ ಸಕ್ಕರೆಯಲ್ಲೂ ಪರಮಾಣುಗಳ ಒಂದು ಸಣ್ಣ ಗೊಂಚಲು ಮಾತ್ರ ಬೇರೆ. ಪ್ರತಿಕಾಯ ಅಷ್ಟನ್ನೂ ಬೇರ್ಪಡಿಸಿ ಹಿಡಿಯುತ್ತದೆ. 19 ವರ್ಷ ನೋಡಿದರೂ ಆ ಕಾಳುಗಟ್ಟುವ ಕ್ಷಣ ನನಗೆ ಹಳೆಯದಾಗಿಲ್ಲ.

ಪ್ರತಿಕಾಯದ ಆಕಾರ ಇಂಗ್ಲಿಷಿನ ವೈ ಅಕ್ಷರದಂತೆ, ನಮ್ಮ ಕವಣೆಯ ಕವಲುಕೋಲಿನಂತೆ. ಎರಡು ಉದ್ದದ ಸರಪಳಿ, ಎರಡು ಗಿಡ್ಡದ ಸರಪಳಿ, ಅವನ್ನು ಬಿಗಿದಿರುವ ಗಂಧಕದ ಕೊಂಡಿಗಳು. ಹಿಡಿಯುವ ಕೆಲಸ ಎರಡು ಕವಲಿನ ತುದಿಗಳದ್ದು. ಹಿಡಿದದ್ದನ್ನು ಏನು ಮಾಡಬೇಕೆಂದು ಮೈಯ ಉಳಿದ ಕಾವಲಿಗೆ ಹೇಳುವುದು ಹಿಡಿಕೆಯದ್ದು. ಇದನ್ನು ಬಿಡಿಸಿ ತೋರಿಸಿದ್ದಕ್ಕೆ 1972ರಲ್ಲಿ ರಾಡ್ನಿ ಪೋರ್ಟರ್ ಮತ್ತು ಜೆರಾಲ್ಡ್ ಎಡೆಲ್ಮನ್ ನೊಬೆಲ್ ಪಡೆದರು. ಪೋರ್ಟರ್ ಪ್ರತಿಕಾಯವನ್ನು ಕತ್ತರಿಸಿದ್ದು ಪಪ್ಪಾಯದ ಹಾಲಿನಿಂದ ಬರುವ ಪಪೇನ್ ಎಂಬ ಕಿಣ್ವದಿಂದ. ಬಲಿತ ಮಾಂಸ ಬೇಗ ಬೇಯಲಿ ಎಂದು ಅಡುಗೆಮನೆಯಲ್ಲಿ ಕಾಯಿಪಪ್ಪಾಯ ಹಾಕುತ್ತಾರಲ್ಲ, ಅದೇ ಕಿಣ್ವ.

ಇಲ್ಲಿ ಒಂದು ದೊಡ್ಡ ಒಗಟಿದೆ. ಮನುಷ್ಯನ ಮೈಯಲ್ಲಿ ಪ್ರೋಟೀನಿಗೆ ಸಂಬಂಧಿಸಿದ ಜೀನುಗಳು ಸುಮಾರು 20,000. ಆದರೆ ಎಂದೂ ಕಾಣದ ವಿಷ, ಎಂದೂ ಕಾಣದ ವೈರಸ್, ಪ್ರಯೋಗಾಲಯದಲ್ಲಿ ನಿನ್ನೆ ತಯಾರಾದ ರಾಸಾಯನಿಕ, ಯಾವುದು ಬಂದರೂ ಅದಕ್ಕೆ ಹೊಂದುವ ಪ್ರತಿಕಾಯ ಮೈಯಲ್ಲಿ ಹುಟ್ಟುತ್ತದೆ. ಇಷ್ಟು ಕಡಿಮೆ ಬಂಡವಾಳದಲ್ಲಿ ಅಷ್ಟು ದೊಡ್ಡ ವ್ಯಾಪಾರ ಹೇಗೆ? ಹಸಿ ಜೇಡಿಮಣ್ಣು ಅಚ್ಚಿಗೆ ಒತ್ತಿಕೊಳ್ಳುವಂತೆ ಪ್ರತಿಕಾಯ ಶತ್ರುವಿನ ಮೈಗೆ ಒತ್ತಿ ಆಕಾರ ಪಡೆಯುತ್ತದೆ ಎಂದು 1940ರಲ್ಲಿ ಲೈನಸ್ ಪೌಲಿಂಗ್ ಹೇಳಿದ್ದರು. ಅಷ್ಟು ದೊಡ್ಡ ರಸಾಯನ ವಿಜ್ಞಾನಿ ಹೇಳಿದರೂ ಅದು ತಪ್ಪಾಗಿತ್ತು. 1957ರಲ್ಲಿ ಆಸ್ಟ್ರೇಲಿಯಾದ ಮೆಕ್‌ಫಾರ್ಲೇನ್ ಬರ್ನೆಟ್ ಮಾತನ್ನೇ ತಿರುಗಿಸಿಟ್ಟರು. ಶತ್ರು ಬರುವ ಮೊದಲೇ ಲೆಕ್ಕವಿಲ್ಲದಷ್ಟು ಬಗೆಯ ಬಿ ಕಣಗಳು, ಅಂದರೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು, ನಮ್ಮಲ್ಲಿವೆ, ಒಂದೊಂದು ಕಣಕ್ಕೂ ಒಂದೊಂದೇ ಬಗೆಯ ಪ್ರತಿಕಾಯ. ಬಂದ ಶತ್ರು ಯಾವ ಕಣಕ್ಕೆ ತಾಗಿ ಕೂರುತ್ತದೋ ಆ ಕಣ ಮಾತ್ರ ಹೆಚ್ಚುತ್ತಾ ಹೋಗುತ್ತದೆ ಎಂದರು.

ಈಗ ಆ ಅರ್ಜೆಂಟೀನಾದವರ ವಿಷಯ. ಸೆಸಾರ್ ಮಿಲ್‌ಸ್ಟೀನ್ 1927ರಲ್ಲಿ ಬಾಹಿಯಾ ಬ್ಲಾಂಕಾ ಎಂಬ ಊರಿನಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತಾಯಿ ಶಾಲೆಯ ಶಿಕ್ಷಕಿ. ಹುಡುಗನಿಗೆ ವಿಜ್ಞಾನದ ಹುಚ್ಚು ಹಿಡಿಸಿದ್ದು ಮನೆಗೆ ಬಂದ ಸೋದರಸಂಬಂಧಿ. ಆಕೆ ಬ್ಯೂನಸ್ ಐರಿಸ್‌ನ ಮಾಲ್ಬ್ರಾನ್ ಸಂಸ್ಥೆಯಲ್ಲಿ ಹಾವಿನ ವಿಷ ತೆಗೆದು ಔಷಧಿ ಮಾಡುವ ಕೆಲಸದಲ್ಲಿದ್ದಳು. ಪ್ರತಿಕಾಯಗಳ ಮೇಲೆ ಬಾಳು ಸವೆಸಿದ ಮನುಷ್ಯನ ದಾರಿ ಹಾವಿನ ವಿಷದ ಕಥೆಯಿಂದಲೇ ಹೊರಟಿತ್ತು ಎಂದು ಓದಿದ ದಿನ, ಆ ಡಿಸೆಂಬರಿನ ಕೊಳವೆ ನನ್ನ ಕಣ್ಣ ಮುಂದೆ ಬಂತು.

ಕಿಣ್ವಗಳ ಮೇಲೆ ಒಂದು ಡಾಕ್ಟರೇಟ್ ಬ್ಯೂನಸ್ ಐರಿಸ್‌ನಲ್ಲಿ, ಇನ್ನೊಂದು ಕೇಂಬ್ರಿಡ್ಜ್‌ನಲ್ಲಿ. 1961ರಲ್ಲಿ ಸ್ವದೇಶಕ್ಕೆ ಮರಳಿ, ಅದೇ ಮಾಲ್ಬ್ರಾನ್ ಸಂಸ್ಥೆಯಲ್ಲಿ ಹೊಸ ವಿಭಾಗ ಕಟ್ಟಲು ಕೂತರು. ಮರುವರ್ಷ ಸೇನೆ ಅಧಿಕಾರ ಹಿಡಿಯಿತು. ಸಂಸ್ಥೆಯಲ್ಲಿ ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆದರು. ಮಿಲ್‌ಸ್ಟೀನ್ ರಾಜೀನಾಮೆ ಕೊಟ್ಟು 1963ರಲ್ಲಿ ಕೇಂಬ್ರಿಡ್ಜ್‌ಗೆ ವಾಪಸಾದರು. ಅಲ್ಲಿ ಎರಡು ಸಲ ನೊಬೆಲ್ ಪಡೆದ ಫ್ರೆಡರಿಕ್ ಸ್ಯಾಂಗರ್ ಅವರ ಮಾತಿನಂತೆ ಕಿಣ್ವ ಬಿಟ್ಟು ಪ್ರತಿಕಾಯ ಹಿಡಿದರು. ಸಾಯುವವರೆಗೆ, ಅಂದರೆ 2002ರವರೆಗೆ, ಬಿಡಲಿಲ್ಲ. ಒಂದು ದೇಶ ತನ್ನ ವಿಜ್ಞಾನಿಯನ್ನು ಹೀಗೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಅವರನ್ನು ಕಾಡಿದ್ದು ಮೇಲೆ ಹೇಳಿದ ಒಗಟೇ. 1966ರಲ್ಲಿ ವಿಜ್ಞಾನಿ ಸಿಡ್ನಿ ಬ್ರೆನ್ನರ್ ಜೊತೆ ಬರೆದ ಪ್ರಬಂಧದಲ್ಲಿ, ಬಿ ಕಣ ಹೆಚ್ಚುವಾಗ ಪ್ರತಿಕಾಯದ ಜೀನಿನಲ್ಲಿ ಬೇಕೆಂದೇ ಅಕ್ಷರದೋಷಗಳು ಸೇರುತ್ತಿರಬಹುದು ಎಂದು ಊಹಿಸಿದ್ದರು. ಆ ಊಹೆಯನ್ನು ಪರೀಕ್ಷಿಸುವುದಕ್ಕೆ ಸಾಮಗ್ರಿ ಇರಲಿಲ್ಲ. ಯಾಕೆಂದರೆ ಮೈಯಿಂದ ತೆಗೆದ ಪ್ರತಿಕಾಯ ಯಾವಾಗಲೂ ಬೆರಕೆ. ಒಂದೇ ವಿಷಕ್ಕೆ ಸಾವಿರ ಕಣ ಓಗೊಡುತ್ತವೆ, ಸಾವಿರವೂ ಬೇರೆ ಬೇರೆ ಜಾಗ ಹಿಡಿಯುತ್ತವೆ, ಒಂದು ಬಿಗಿಯಾಗಿ, ಒಂದು ಸಡಿಲವಾಗಿ. ಒಂದನ್ನು ಮಾತ್ರ ಬೇರ್ಪಡಿಸಿ ಬೆಳೆಸೋಣವೆಂದರೆ ಮೈಯಿಂದ ಹೊರಗೆ ತೆಗೆದ ಬಿ ಕಣ ಕೆಲವೇ ದಿನಗಳಲ್ಲಿ ಸಾಯುತ್ತದೆ. ಮೈಲೋಮಾ ಎಂಬ ಕ್ಯಾನ್ಸರಿಗೆ ತಿರುಗಿದ ಕಣ ಸಾಯುವುದಿಲ್ಲ, ಒಂದೇ ಬಗೆಯ ಪ್ರತಿಕಾಯವನ್ನು ಹೊಳೆಯಂತೆ ಹರಿಸುತ್ತದೆ. ಆದರೆ ಅದು ಯಾವುದನ್ನು ಹಿಡಿಯುವ ಪ್ರತಿಕಾಯ ಎಂದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ.

ತೋಟದವರಿಗೆ ಈ ಕಷ್ಟ ಅರ್ಥವಾಗುತ್ತದೆ. ರೋಬಸ್ಟಾ ಕಾಫಿ ಪರಾಗ ಬೆರೆತು ಕಾಯಿಕಟ್ಟುವ ಗಿಡ. ಒಳ್ಳೆಯ ಗಿಡದ ಬೀಜ ಹಾಕಿದರೂ ಸಸಿಗಳು ತಾಯಿಯಂತೆಯೇ ಬರುತ್ತವೆಂಬ ಭರವಸೆ ಇಲ್ಲ. ಅದಕ್ಕೇ ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಬೆಳೆಸುತ್ತೇವೆ. ಸೋಮವಾರಪೇಟೆ ಕಡೆಯ ನಮ್ಮ ತುಂಡು ತೋಟದಲ್ಲಿ ಅಪ್ಪ ಮೆಣಸಿಗೂ ಹಾಗೇ ಮಾಡುತ್ತಿದ್ದರು. ಗೊಂಚಲು ತುಂಬುವ ತಾಯಿಬಳ್ಳಿಗೆ ಗುರುತು ಕಟ್ಟಿ, ಅದರ ಬುಡದ ಹಂಬನ್ನು ಎರಡು ಮೂರು ಗಿಣ್ಣಿಗೆ ಕತ್ತರಿಸಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕುವರು. ನೂರು ತೊಟ್ಟೆಯಲ್ಲೂ ಅದೇ ಬಳ್ಳಿ. ಕ್ಲೋನ್ ಎಂಬ ಮಾತು ಗ್ರೀಕಿನಲ್ಲಿ ಮೊದಲು ಅಂಥ ಚಿಗುರುಕಡ್ಡಿಗೇ ಇದ್ದ ಹೆಸರು. ಮೊನೊಕ್ಲೋನಲ್ ಪ್ರತಿಕಾಯ ಅಂದರೆ ಒಂದೇ ತಾಯಿಬಳ್ಳಿಯ ಸಂತಾನ, ಅಷ್ಟೇ.

1974ರಲ್ಲಿ ಜರ್ಮನಿಯ ಯುವಕ ಜಾರ್ಜ್ ಕೋಲರ್ ಮಿಲ್‌ಸ್ಟೀನ್ ಅವರ ಲ್ಯಾಬಿಗೆ ಬಂದ. ಇಬ್ಬರೂ ಸೇರಿ ಯೋಚಿಸಿದ್ದು ಇದು: ಸಾಯದ ಮೈಲೋಮಾ ಕಣವನ್ನೂ ಬೇಕಾದ ಗುರುತುಳ್ಳ ಬಿ ಕಣವನ್ನೂ ಬೆಸೆದುಬಿಟ್ಟರೆ? ಸೊರಗು ರೋಗ ತಡೆಯುವ ಹಿಪ್ಪಲಿಯ ಬುಡಕ್ಕೆ ಮೆಣಸಿನ ಕಸಿ ಕಟ್ಟುವಂತೆ. ಕಸಿಯಲ್ಲಿ ಬುಡ ಬುಡವಾಗಿ, ಕುಡಿ ಕುಡಿಯಾಗಿ ಉಳಿಯುತ್ತದೆ. ಇಲ್ಲಿ ಹಾಗಲ್ಲ, ಎರಡು ಕಣ ಕರಗಿ ಒಂದೇ ಕಣವಾಗುತ್ತದೆ. ಇಲಿಗೆ ಕುರಿಯ ಕೆಂಪುಕಣ ಚುಚ್ಚಿ, ಅದರ ಗುಲ್ಮದಿಂದ ಬಿ ಕಣ ತೆಗೆದು, ಸೆಂಡೈ ಎಂಬ ವೈರಸ್ಸಿನ ಸಹಾಯದಿಂದ ಮೈಲೋಮಾ ಕಣಗಳಿಗೆ ಬೆಸೆದರು.

ಬೆಸೆಯುವುದಕ್ಕಿಂತ ಕಷ್ಟ ಹೆಕ್ಕುವುದು. ಪಾತ್ರೆಯಲ್ಲಿ ಬೆಸೆದವುಗಳಿಗಿಂತ ಬೆಸೆಯದವೇ ಹೆಚ್ಚು. ಇಲ್ಲಿ ಬಳಸಿದ ಉಪಾಯ ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟ. ಕಣ ಹೆಚ್ಚಬೇಕಾದರೆ ಡಿಎನ್‌ಎ ಕಟ್ಟುವ ಸಾಮಗ್ರಿ ಬೇಕು. ಅದು ಬರುವುದಕ್ಕೆ ಎರಡು ದಾರಿ: ಹೊಸದಾಗಿ ತಯಾರಿಸುವುದು, ಹಳೆಯದನ್ನೇ ಮತ್ತೆ ಬಳಸುವುದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದ್ದು ನೆನಪಿದೆಯಲ್ಲ? ಸುತ್ತುದಾರಿ ಗೊತ್ತಿದ್ದವರು ಕೆಳಗಿಳಿದರು, ಗೊತ್ತಿಲ್ಲದವರು ಮಡಿಕೇರಿಯಲ್ಲೇ ಉಳಿದರು. ಪಾತ್ರೆಗೆ ಒಂದು ಔಷಧಿ ಹಾಕಿ ಮೊದಲ ದಾರಿ ಮುಚ್ಚುತ್ತಾರೆ. ಮೈಲೋಮಾ ಕಣಗಳನ್ನು ಎರಡನೆಯ ದಾರಿಗೆ ಬೇಕಾದ ಕಿಣ್ವವೇ ಇಲ್ಲದಂತೆ ಆರಿಸಿರುತ್ತಾರೆ, ಹಾಗಾಗಿ ಅವು ಸಾಯುತ್ತವೆ. ಬೆಸೆಯದ ಬಿ ಕಣಗಳು ಹೇಗಿದ್ದರೂ ದಿನ ಎಣಿಸುತ್ತಿರುತ್ತವೆ. ಬೆಸೆದ ಕಣಕ್ಕೆ ಸುತ್ತುದಾರಿ ಬಿ ಕಣದ ಕಡೆಯಿಂದ ಬಂದಿದೆ, ಸಾಯದ ಆಯುಸ್ಸು ಮೈಲೋಮಾದ ಕಡೆಯಿಂದ. ಅದು ಉಳಿಯುತ್ತದೆ, ಅದೊಂದೇ.

ಫಲಿತಾಂಶ ನೋಡಲು ಕೋಲರ್ ನೆಲಮಾಳಿಗೆಯ ಲ್ಯಾಬಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ, ಏನೂ ಕಾಣದಿದ್ದರೆ ಜೊತೆಗೊಬ್ಬರು ಇರಲಿ ಎಂದು. ಕುರಿಯ ಕೆಂಪುಕಣಗಳ ತೆಳುಪದರದ ಮೇಲೆ, ಚಂದ್ರನ ಸುತ್ತ ಬಳೆ ಕಟ್ಟಿದ ಹಾಗೆ, ತಿಳಿಯಾದ ಉಂಗುರಗಳು ಎದ್ದಿದ್ದವು. ಉಂಗುರದ ನಡುವಿನ ಪ್ರತಿ ಕಣವೂ ಗುರುತು ಹಿಡಿಯುವ ಪ್ರತಿಕಾಯ ಉಗುಳಿ, ಸುತ್ತಲಿನ ಕೆಂಪುಕಣಗಳನ್ನು ಒಡೆಸಿತ್ತು. ಆತ ಸಂತೋಷ ತಾಳಲಾರದೆ ಕೂಗಿಕೊಂಡನಂತೆ. ಪ್ರಬಂಧ 1975ರ ಆಗಸ್ಟಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 1984ರಲ್ಲಿ ಇಬ್ಬರಿಗೂ ಇನ್ನೊಬ್ಬ ವಿಜ್ಞಾನಿ ನೀಲ್ಸ್ ಯೆರ್ನೆ ಅವರ ಜೊತೆ ನೊಬೆಲ್ ಬಂತು. ಈ ವಿಧಾನಕ್ಕೆ ಪೇಟೆಂಟ್ ಮಾಡಿಸಲೇ ಇಲ್ಲ. ಪೇಟೆಂಟ್ ನೋಡಿಕೊಳ್ಳಬೇಕಿದ್ದ ಬ್ರಿಟಿಷ್ ಸರ್ಕಾರಿ ಸಂಸ್ಥೆಗೆ ಅದರ ಪ್ರಯೋಜನ ಕಾಣಲಿಲ್ಲ. ಕೇಳಿದವರಿಗೆಲ್ಲ ಮಿಲ್‌ಸ್ಟೀನ್ ಕಣಗಳನ್ನು ಕಳಿಸಿಕೊಟ್ಟರು. ತಂತ್ರ ಅಷ್ಟು ಬೇಗ ಜಗತ್ತಿನಲ್ಲಿ ಹರಡಿದ್ದರಲ್ಲಿ ಆ ಔದಾರ್ಯದ ಪಾಲು ದೊಡ್ಡದೆಂದೇ ನನ್ನ ನಂಬಿಕೆ.

ನನ್ನ ಮೇಜಿನ ನೀಲಿ ಹಳದಿ ಬಾಟಲಿಗಳು ಈ ಕೆಲಸದ ನೇರ ಸಂತಾನ. ಮೊದಲೆಲ್ಲ ಗುಂಪು ನೋಡುವ ದ್ರಾವಣವನ್ನು ಮನುಷ್ಯರ ರಕ್ತದಿಂದಲೇ ಮಾಡುತ್ತಿದ್ದರು. ದಾನಿ ಬದಲಾದಂತೆ ಬಲ ಬದಲಾಗುತ್ತಿತ್ತು. ಒಂದು ಬ್ಯಾಚ್ ಥಟ್ಟನೆ ಕಾಳುಗಟ್ಟಿಸಿದರೆ ಇನ್ನೊಂದು ಅನುಮಾನದಲ್ಲಿ ನಿಲ್ಲಿಸುತ್ತಿತ್ತು. ಮಿಲ್‌ಸ್ಟೀನ್ ಮತ್ತು ಜೊತೆಗಾರರು 1980ರಲ್ಲಿ ಮೊನೊಕ್ಲೋನಲ್ ಆಂಟಿ-ಎ ಪರೀಕ್ಷಿಸಿ ಪ್ರಕಟಿಸಿದರು. ಈಗಿನ ಬಾಟಲಿಗಳಲ್ಲಿರುವುದು ಹೀಗೆ ಗುರುತು ಕಟ್ಟಿ ಬೆಳೆಸಿದ ಬಳ್ಳಿಗಳದ್ದೇ. ಮನೆಯಲ್ಲೇ ಗರ್ಭ ಪರೀಕ್ಷಿಸುವ ಕಡ್ಡಿಯ ಗೆರೆ, ಮಳೆಗಾಲದಲ್ಲಿ ನಾವು ದಿನವೂ ಮಾಡುವ ಡೆಂಗಿ ಎನ್‌ಎಸ್1 ಕಾರ್ಡಿನ ಗೆರೆ ಮೂಡುವುದೂ ಇಂಥ ಪ್ರತಿಕಾಯಗಳಿಂದಲೇ.

ಮಿಲ್‌ಸ್ಟೀನ್ ಮಾತ್ರ ತಮ್ಮ ಹಳೆಯ ಪ್ರಶ್ನೆಗೇ ಮರಳಿದರು. ಅಷ್ಟರಲ್ಲಿ ಜಪಾನಿನ ವಿಜ್ಞಾನಿ ಸುಸುಮು ಟೊನೆಗಾವ 1976ರಲ್ಲಿ ಒಗಟಿನ ಅರ್ಧವನ್ನು ಬಿಡಿಸಿದ್ದರು. ಪ್ರತಿಕಾಯದ ಜೀನು ಇಡಿಯಾಗಿ ಇರುವುದಿಲ್ಲ, ತುಂಡುತುಂಡಾಗಿ ಇರುತ್ತದೆ. ಉದ್ದದ ಸರಪಳಿಗೆ ವಿ ತುಂಡು ಸುಮಾರು 40, ಡಿ ತುಂಡು 20ಕ್ಕೂ ಹೆಚ್ಚು, ಜೆ ತುಂಡು 6. ಪ್ರತಿ ಬಿ ಕಣವೂ ಒಂದೊಂದನ್ನು ಆರಿಸಿ ಜೋಡಿಸಿಕೊಳ್ಳುತ್ತದೆ. ಗುಣಿಸಿದರೆ ಉದ್ದದ ಸರಪಳಿಯೊಂದರಲ್ಲೇ ಸುಮಾರು 5,000 ಬಗೆ. ಅದಕ್ಕೆ ಗಿಡ್ಡ ಸರಪಳಿಯ ಬಗೆಗಳನ್ನು ಗುಣಿಸಿ, ಜೋಡಣೆಯ ಸಂದಿಯಲ್ಲಾಗುವ ಏರುಪೇರು ಸೇರಿಸಿದರೆ ಲೆಕ್ಕ ಕೋಟಿಗಳನ್ನು ದಾಟುತ್ತದೆ.

ಉಳಿದರ್ಧ ಮಿಲ್‌ಸ್ಟೀನ್ ಅವರದ್ದು. ಕ್ಲೌಡಿಯಾ ಬೆರೆಕ್ ಅವರೊಂದಿಗೆ 1980ರ ದಶಕದಲ್ಲಿ ಒಂದೇ ರಾಸಾಯನಿಕವನ್ನು ಇಲಿಗಳಿಗೆ ಚುಚ್ಚಿ, ಬೇರೆ ಬೇರೆ ದಿನಗಳ ಬಿ ಕಣಗಳನ್ನು ಬೆಸೆದು, ಪ್ರತಿಕಾಯದ ಜೀನಿನ ಅಕ್ಷರಗಳನ್ನು ಓದಿದರು. ಮೊದಲ ವಾರದಲ್ಲಿ ಹೆಚ್ಚುಕಡಿಮೆ ಹುಟ್ಟಿನ ಅಕ್ಷರಗಳೇ. ಎರಡನೆಯ ವಾರಕ್ಕೆ ಅಲ್ಲಲ್ಲಿ ತಿದ್ದುಪಡಿ, ಮತ್ತೆ ಚುಚ್ಚಿದ ಮೇಲೆ ಇನ್ನಷ್ಟು. ತಿದ್ದಿದವುಗಳಲ್ಲಿ ಬಿಗಿಯಾಗಿ ಹಿಡಿಯುವ ಕಣ ಉಳಿದು ಹೆಚ್ಚುತ್ತದೆ, ಸಡಿಲವಾದದ್ದು ಅಳಿಯುತ್ತದೆ. 1966ರಲ್ಲಿ ಊಹಿಸಿದ್ದ ಅಕ್ಷರದೋಷಗಳು ಇವೇ. ಲಸಿಕೆಯ ಎರಡನೆಯ, ಮೂರನೆಯ ಡೋಸಿಗೆ ತಪ್ಪಿಸದೆ ಬನ್ನಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳುವುದರ ಹಿಂದೆ ಈ ತಿದ್ದುಪಡಿಯ ಕೆಲಸವೂ ಇದೆ. ಹಾವಿನ ಔಷಧಿಗೆ ಕುದುರೆಗೆ ತಿಂಗಳುಗಟ್ಟಲೆ ಮತ್ತೆ ಮತ್ತೆ ವಿಷ ಚುಚ್ಚುವುದೂ ಇದಕ್ಕೇ.

ಮುಂದಿನದ್ದು ಓಡುವ ಕಥೆ. 1986ರಲ್ಲಿ ಮೊದಲ ಮೊನೊಕ್ಲೋನಲ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಬದಲಿ ಮೂತ್ರಪಿಂಡವನ್ನು ಮೈ ತಿರಸ್ಕರಿಸದಂತೆ ತಡೆಯಲು. ಅದು ಇಲಿಯದ್ದಾದ್ದರಿಂದ ಮನುಷ್ಯನ ಮೈ ಅದರ ಮೇಲೇ ಪ್ರತಿಕಾಯ ಮಾಡುತ್ತಿತ್ತು. ಕೇಂಬ್ರಿಡ್ಜ್‌ನಲ್ಲಿ ಮಿಲ್‌ಸ್ಟೀನ್ ಇದ್ದ ಸಂಸ್ಥೆಯವರೇ ಆದ ಗ್ರೆಗ್ ವಿಂಟರ್ ಇಲಿಯ ಹಿಡಿಯುವ ತುದಿಯನ್ನು ಮನುಷ್ಯ ಪ್ರತಿಕಾಯದ ಮೈಗೆ ಕೂರಿಸಿ ಆ ತೊಡಕು ಬಿಡಿಸಿದರು. 2018ರ ನೊಬೆಲ್‌ನಲ್ಲಿ ಅವರಿಗೂ ಪಾಲಿತ್ತು. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಈ ಸಾಲಿನದ್ದು, ಬೆಂಗಳೂರಿನಲ್ಲೂ ತಯಾರಾಗುತ್ತದೆ.

ಹಾವಿನ ಔಷಧಿ ಮಾತ್ರ 1890ರ ದಶಕದ ದಾರಿಯಲ್ಲೇ ಇದೆ, ಕುದುರೆಯ ಬೆರಕೆ ಪ್ರತಿಕಾಯ. ಬೆರಕೆ ಎಂದು ಕಡೆಗಣಿಸುವಂತಿಲ್ಲ. ಒಂದು ಹಾವಿನ ವಿಷವೇ ಹತ್ತಾರು ಪ್ರೋಟೀನುಗಳ ಬೆರಕೆಯಾದ್ದರಿಂದ ಅದನ್ನು ಹಿಡಿಯಲು ಹಲವು ಕೈ ಬೇಕು. ಒಂದೇ ಬಳ್ಳಿಯ ಪ್ರತಿಕಾಯ ಒಂದೇ ಕೈ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಸೇರಿ 95ಮ್ಯಾಟ್5 ಎಂಬ ಕೃತಕ ಮಾನವ ಪ್ರತಿಕಾಯ ಪ್ರಕಟಿಸಿದರು. ನಾಗರ, ಕಾಳಿಂಗ, ಕಟ್ಟುಹಾವು, ಆಫ್ರಿಕಾದ ಕಪ್ಪು ಮಾಂಬಾಗಳ ವಿಷದಲ್ಲಿ ನರವನ್ನು ಸೋಲಿಸುವ ಒಂದು ಬಗೆಯ ಪ್ರೋಟೀನಿದೆ. ಆ ಎಲ್ಲವುಗಳಲ್ಲೂ ಬದಲಾಗದೆ ಉಳಿದ ಜಾಗವನ್ನು ಈ ಪ್ರತಿಕಾಯ ಹಿಡಿಯುತ್ತದೆ. ಇಲಿಗಳಲ್ಲಿ ಫಲ ಕೊಟ್ಟಿದೆ. ಮಂಡಲಗಳ ವಿಷ ಬೇರೆಯೇ ಬಗೆಯದ್ದು, ರಕ್ತಕ್ಕೆ ಕೈ ಹಾಕುತ್ತದೆ. ಅದಕ್ಕೆ ಇದು ನಾಟುವುದಿಲ್ಲ.

ಉಬ್ಬುಮೂತಿಯ ಗುಳಿಮಂಡಲ ಜೀವಕ್ಕೇ ಕುತ್ತು ತರಬಲ್ಲದು ಎಂದು ಕೇರಳದ ವೈದ್ಯರು 2007ರಲ್ಲಿ ಖಚಿತ ಪ್ರಕರಣಗಳೊಂದಿಗೆ ಬರೆದರು. ಅದಕ್ಕೂ ಮೊದಲು ಅದನ್ನು ಗರಗಸಮಂಡಲವೆಂದು ತಪ್ಪಾಗಿ ಗುರುತಿಸಿ ಔಷಧಿ ಕೊಟ್ಟದ್ದೂ ಇತ್ತು. ಕೊಟ್ಟರೂ ರಕ್ತ ನಿಲ್ಲುತ್ತಿರಲಿಲ್ಲ. ನಮ್ಮ ಡಾಕ್ಟರು ಫೋಟೋ ನೋಡಿದ ಮೇಲೆ ಮತ್ತೆ ಹಾವಿನ ಔಷಧಿ ಹಾಕಲಿಲ್ಲ. ಹಾಕಿದ್ದರೆ ಉಪಯೋಗವಿಲ್ಲದೆ ಅಲರ್ಜಿಯ ಅಪಾಯ ಮಾತ್ರ ಹೆಚ್ಚುತ್ತಿತ್ತು. ನಾನು ರಕ್ತನಿಧಿಯಿಂದ ಪ್ಲಾಸ್ಮಾ ಕರಗಿಸಿ ಕೊಟ್ಟೆ. ಮೂತ್ರದ ಪ್ರಮಾಣವನ್ನು ಗಂಟೆಗಂಟೆಗೆ ಬರೆದಿಟ್ಟರು.

ಎರಡನೆಯ ದಿನವೂ ಕೊಳವೆ ಜಾರಿತು. ಮೂರನೆಯ ದಿನ ತಳದಲ್ಲಿ ಒಂದಿಷ್ಟು ಕೆಸರಿನಂತೆ ಕೂತಿತ್ತು, ಮುಟ್ಟಿದರೆ ಒಡೆಯುವಂತೆ. ಐದನೆಯ ದಿನ ಬೆಳಿಗ್ಗೆ 20 ನಿಮಿಷ ಮುಗಿದು ಓರೆ ಮಾಡಿದರೆ ಅಲುಗಲಿಲ್ಲ. ಪೂರ್ತಿ ತಲೆಕೆಳಗು ಮಾಡಿದೆ, ಆಗಲೂ ಇಲ್ಲ. ಅಣ್ಣನನ್ನು ಒಳಗೆ ಕರೆದು ತೋರಿಸಿದೆ. ಅವನು ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಆ ತೋಟದ ರೈಟರ್ ಮೊಬೈಲಿನ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೆಲಸದವರ ಲೈನ್ ಮನೆಗಳ ಗೋಡೆಗೆ ಅಂಟಿಸಿದ್ದಾರೆ. ಕೆಳಗೆ ಆಸ್ಪತ್ರೆಯ ದಾರಿ, 108, ಮತ್ತು ಕೆಂಪು ಅಕ್ಷರದಲ್ಲಿ ಒಂದು ಸಾಲು: ‘ಹಾವನ್ನು ಹಿಡಿಯಲು, ಕೊಲ್ಲಲು ಹೋಗಬೇಡಿ. ದೂರದಿಂದ ಫೋಟೋ ಸಿಕ್ಕರೆ ಡಾಕ್ಟರಿಗೆ ತೋರಿಸಿ.’